ಗುವಾಮ್: ಬಿಡಿಸಲು ಬಂದವರು ಅಲ್ಲೇ ಉಳಿದುಬಿಟ್ಟ ಕಥೆ

ಪ್ರತಿ ವರ್ಷ ಜುಲೈ 21ಕ್ಕೆ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ದೊಡ್ಡ ಹಬ್ಬ. ಮರೀನ್ ಕೋರ್ ಡ್ರೈವ್ ಎಂಬ ಮುಖ್ಯ ರಸ್ತೆಯಲ್ಲಿ ಮೆರವಣಿಗೆ ಹೋಗುತ್ತದೆ. ಜನ ಹಿಂದಿನ ದಿನವೇ ಬಂದು ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿ, ಜಾಗ ಹಿಡಿದು, ಮಾಂಸ ಸುಡುತ್ತಾ ರಾತ್ರಿ ಕಳೆಯುತ್ತಾರೆ. 1944ರಲ್ಲಿ ಇದೇ ದಿನ ಅಮೆರಿಕದ ಸೈನಿಕರು ಆಸಾನ್ ಮತ್ತು ಅಗಾಟ್ ಕಡಲತೀರಗಳಲ್ಲಿ ಇಳಿದು ಜಪಾನಿನ ಹಿಡಿತದಿಂದ ದ್ವೀಪವನ್ನು ಬಿಡಿಸಿದರು. ಆ ಖುಷಿ ಸುಳ್ಳಲ್ಲ. ಬದುಕುಳಿದವರು ಅದನ್ನು ಮೊಮ್ಮಕ್ಕಳಿಗೆ ಹೇಳಿ ಹೇಳಿ ಉಳಿಸಿದ್ದಾರೆ.

ಆದರೆ ಇದೇ ದ್ವೀಪದ ಹತ್ತಿರಹತ್ತಿರ ಮೂರನೇ ಒಂದು ಭಾಗ ಇವತ್ತಿಗೂ ಅಮೆರಿಕದ ಸೇನೆಯ ಬೇಲಿಯ ಒಳಗಿದೆ. ಇಲ್ಲಿನವರು ಅಮೆರಿಕದ ಪ್ರಜೆಗಳು, ಆದರೆ ದ್ವೀಪದಲ್ಲಿ ಇರುವಷ್ಟು ದಿನ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ವಾಷಿಂಗ್ಟನ್ನಿನ ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ ಇದ್ದಾರೆ, ಅವರಿಗೂ ಅಂತಿಮ ಮತದಾನದಲ್ಲಿ ಮತವಿಲ್ಲ. ಜಪಾನಿ ಆಳ್ವಿಕೆಯಲ್ಲಿ ನರಳಿದವರ ಪರಿಹಾರದ ಕಾನೂನು ಆಗಿದ್ದು 2016ರಲ್ಲಿ, ಅಂದರೆ ಯುದ್ಧ ಮುಗಿದು 70 ವರ್ಷ ದಾಟಿದ ಮೇಲೆ. ಶತ್ರು ಮಾಡಿದ ಗಾಯ ಒಂದು, ಕಾಪಾಡಿದವರು ಮಾಡಿದ್ದು ಇನ್ನೊಂದು, ಮತ್ತು ಎರಡನೆಯದರ ಬಗ್ಗೆ ದನಿ ಎತ್ತಲು ಮೊದಲನೆಯದರಿಂದ ಬಿಡಿಸಿದವರ ಋಣವೇ ಬಹಳ ಕಾಲ ಅಡ್ಡ ಬಂತು. ಗುವಾಮ್ ಪ್ರಕರಣವನ್ನು ಈ ಕಡೆಯಿಂದ ನೋಡಿದರೆ ಮಾತ್ರ ಅರ್ಥವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ

ಗುವಾಮ್ ಸುಮಾರು 540 ಚದರ ಕಿಲೋಮೀಟರ್, ಬೆಂಗಳೂರು ನಗರಕ್ಕಿಂತ ಚಿಕ್ಕದು. 2020ರ ಗಣತಿಯಂತೆ ಜನಸಂಖ್ಯೆ ಒಂದೂವರೆ ಲಕ್ಷ ಚಿಲ್ಲರೆ. ಮೂಲ ನಿವಾಸಿಗಳು ಚಮೊರೊ ಜನ. 17ನೇ ಶತಮಾನದಿಂದ ಸ್ಪೇನ್ ಆಳಿತು. 1898ರ ಯುದ್ಧದಲ್ಲಿ ಸೋತ ಸ್ಪೇನ್ ದ್ವೀಪವನ್ನು ಅಮೆರಿಕಕ್ಕೆ ಒಪ್ಪಿಸಿತು. ಅಲ್ಲಿಂದ ಮುಂದೆ ಅಮೆರಿಕದ ನೌಕಾಪಡೆಯ ಅಧಿಕಾರಿಯೇ ಗವರ್ನರ್. ಚುನಾಯಿತ ಸರ್ಕಾರ ಇಲ್ಲ, ಪೌರತ್ವ ಇಲ್ಲ. ಚಮೊರೊ ಹುಡುಗರು ನೌಕಾಪಡೆಗೆ ಸೇರಬಹುದಿತ್ತು, ಆದರೆ ಅಧಿಕಾರಿಗಳಿಗೆ ಊಟ ಬಡಿಸುವ ಕೆಲಸಕ್ಕೆ ಮಾತ್ರ.

ಜಪಾನ್ ಜೊತೆ ಯುದ್ಧ ಬರುತ್ತದೆ ಅಂತ ವಾಷಿಂಗ್ಟನ್‌ಗೆ ಗೊತ್ತಿತ್ತು. 1941ರ ಅಕ್ಟೋಬರ್ ಹೊತ್ತಿಗೆ ಅಮೆರಿಕನ್ ಅಧಿಕಾರಿಗಳ ಹೆಂಡತಿ ಮಕ್ಕಳನ್ನು ಹಡಗು ಹತ್ತಿಸಿ ಕಳಿಸಿಯಾಗಿತ್ತು. ಸುಮಾರು 20 ಸಾವಿರ ಚಮೊರೊ ಜನರನ್ನು ಎಲ್ಲಿಗೂ ಕಳಿಸಲಿಲ್ಲ. ದಡ ಕಾಯಲು ಒಂದು ಫಿರಂಗಿಯೂ ಇರಲಿಲ್ಲ, ಇದ್ದ ಫಿರಂಗಿಗಳನ್ನು ಎಷ್ಟೋ ವರ್ಷ ಮೊದಲೇ ಕಿತ್ತು ಒಯ್ದಿದ್ದರು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಪರಿಹಾರದ ವಿಷಯ ಬಂದಾಗ ಬೇಕಾಗುತ್ತದೆ.

ಎರಡೂವರೆ ವರ್ಷ

1941ರ ಡಿಸೆಂಬರ್ 8 ಕ್ಯಾಥೊಲಿಕ್ ಹಬ್ಬದ ದಿನ. ಜನ ರಾಜಧಾನಿ ಹಗಾಟ್ನ್ಯದ ಚರ್ಚಿನಲ್ಲಿದ್ದಾಗ ಜಪಾನಿ ವಿಮಾನಗಳು ಬಂದವು. ಪರ್ಲ್ ಹಾರ್ಬರ್ ದಾಳಿ ಆಗಿ ಕೆಲವೇ ಗಂಟೆ ಆಗಿತ್ತು. ಡಿಸೆಂಬರ್ 10ಕ್ಕೆ ಗವರ್ನರ್ ಶರಣಾದರು. ಜಪಾನಿಯರು ದ್ವೀಪದ ಹೆಸರನ್ನೇ ಓಮಿಯಾಜಿಮಾ ಅಂತ ಬದಲಿಸಿದರು. ಶಾಲೆಯಲ್ಲಿ ಜಪಾನಿ ಭಾಷೆ, ದಾರಿಯಲ್ಲಿ ಸೈನಿಕ ಕಂಡರೆ ನಡು ಬಗ್ಗಿಸಿ ವಂದನೆ, ತಪ್ಪಿದರೆ ಕೆನ್ನೆಗೆ ಏಟು. ಕಾಡಿನಲ್ಲಿ ಅಡಗಿದ್ದ ಅಮೆರಿಕನ್ ನೌಕಾಪಡೆಯ ಕೆಲವರನ್ನು ಜಪಾನಿಯರು ಹುಡುಕಿ ಕೊಂದರು. ಜಾರ್ಜ್ ಟ್ವೀಡ್ ಎಂಬ ಒಬ್ಬನನ್ನು ಮಾತ್ರ ಚಮೊರೊ ಕುಟುಂಬಗಳು ಜೀವ ಪಣಕ್ಕಿಟ್ಟು ಕೊನೆಯವರೆಗೂ ಬಚ್ಚಿಟ್ಟವು. ಅವನು ಎಲ್ಲಿದ್ದಾನೆ ಹೇಳು ಅಂತ ಹಿಂಸಿಸಿ ಎಷ್ಟೋ ಜನರನ್ನು ಹೊಡೆದರು. ಫಾದರ್ ಹೆಸುಸ್ ಬಾಸಾ ಡ್ವೇನ್ಯಾಸ್ ಎಂಬ ಚಮೊರೊ ಪಾದ್ರಿಯನ್ನು 1944ರ ಜುಲೈ 12ರಂದು ತಲೆ ಕಡಿದು ಕೊಂದರು. ಅಮೆರಿಕನ್ನರು ಬಂದಿಳಿಯಲು ಆಗ ಇನ್ನು ಒಂಬತ್ತೇ ದಿನ ಬಾಕಿ ಇತ್ತು.

ಮೊದಲೆರಡು ವರ್ಷ ಹೇಗೋ ಕಳೆಯಿತು ಅನ್ನಬಹುದು. 1944ರಲ್ಲಿ ಜಪಾನಿ ಸೇನೆಯ ದೊಡ್ಡ ತುಕಡಿಗಳು ಬಂದಿಳಿದ ಮೇಲೆ ಎಲ್ಲ ಬದಲಾಯಿತು. ಅವರ ಹೊಟ್ಟೆಗೆ ಬೆಳೆ ಬೇಕು, ವಿಮಾನಗಳಿಗೆ ಓಡುದಾರಿ ಬೇಕು. ಗಂಡಸರು, ಹೆಂಗಸರು, ಮಕ್ಕಳು ಅಂತ ನೋಡದೆ ಬಿಟ್ಟಿ ದುಡಿಮೆಗೆ ಹಚ್ಚಿದರು. ಗುವಾಮ್‌ಗೆ ಹೋಗುವ ಪ್ರವಾಸಿಗಳು ಈಗ ಇಳಿಯುವ ವಿಮಾನ ನಿಲ್ದಾಣದ ಮೂಲ ಓಡುದಾರಿಯೂ ಹೀಗೆ ಬಿಟ್ಟಿ ದುಡಿಮೆಯಲ್ಲಿ ಶುರುವಾದದ್ದೇ.

ಜುಲೈ ತಿಂಗಳಲ್ಲಿ, ಅಮೆರಿಕದ ಹಡಗುಗಳು ಗುಂಡು ಸುರಿಸಲು ಶುರು ಮಾಡಿದ ಮೇಲೆ, 10 ಸಾವಿರಕ್ಕೂ ಹೆಚ್ಚು ಜನರನ್ನು ಮಳೆಯಲ್ಲಿ ಕೆಸರಲ್ಲಿ ನಡೆಸಿಕೊಂಡು ಮನೆಂಗನ್ ಕಣಿವೆಯ ಶಿಬಿರಕ್ಕೆ ದಬ್ಬಿದರು. ಅಲ್ಲಿ ಸೂರು ಇಲ್ಲ, ಅನ್ನ ಇಲ್ಲ, ಕುಡಿಯಲೂ ತೊಳೆಯಲೂ ಅದೇ ಹೊಳೆಯ ನೀರು. ದಕ್ಷಿಣದ ಮೆರಿಜೊ ಊರಿನಲ್ಲಿ ಟಿಂಟಾ ಎಂಬಲ್ಲಿ 16 ಜನರನ್ನು, ಮರುದಿನ ಫಾಹಾ ಎಂಬಲ್ಲಿ 30 ಜನರನ್ನು ಗ್ರೆನೇಡ್ ಎಸೆದು, ಗುಂಡು ಹೊಡೆದು, ಬಯೊನೆಟ್‌ನಿಂದ ತಿವಿದು ಕೊಂದರು. ಸತ್ತವರ ಮೈಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದ ಕೆಲವರು ಟಿಂಟಾದಿಂದ ಬದುಕಿ ಬಂದರು. ಕೆಲವೇ ದಿನಗಳಲ್ಲಿ ಅದೇ ಊರಿನ ಗಂಡಸರು ತಿರುಗಿಬಿದ್ದು ಕಾವಲಿದ್ದ ಜಪಾನಿ ಸೈನಿಕರನ್ನು ಕೊಂದುಹಾಕಿದರು. ಅಮೆರಿಕದ ಪಡೆ ಇನ್ನೂ ದಡ ಮುಟ್ಟಿರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಬಿಡುಗಡೆಯ ಕಥೆಯಲ್ಲಿ ಚಮೊರೊ ಜನ ಸುಮ್ನೆ ಕಾದು ಕುಳಿತವರ ಹಾಗೆ ಕಾಣುತ್ತಾರೆ. ಅದು ಅರ್ಧ ಸತ್ಯ.

ಗೆದ್ದ ಮೇಲೆ ಹೋದ ನೆಲ

ಆಗಸ್ಟ್ 10ಕ್ಕೆ ದ್ವೀಪ ಕೈವಶ ಆಯಿತು ಅಂತ ಘೋಷಿಸಿದರು. ಶಿಬಿರದಿಂದ ಹೊರಬಂದ ಜನರಿಗೆ ಹೋಗಲು ಊರೇ ಇರಲಿಲ್ಲ. ಯುದ್ಧಕ್ಕೆ ಮುಂಚೆ ದ್ವೀಪದ ಅರ್ಧದಷ್ಟು ಜನ ಹಗಾಟ್ನ್ಯದಲ್ಲೇ ಇದ್ದರು, ಅಂದರೆ ಸುಮಾರು 10 ಸಾವಿರ. ಜಪಾನಿಯರನ್ನು ಹೊರಹಾಕಲು ಅಮೆರಿಕ ಸುರಿಸಿದ ಬಾಂಬಿಗೆ ಊರು ಪುಡಿಯಾಯಿತು, ಉಳಿದದ್ದನ್ನು ಬುಲ್ಡೋಜರ್ ಸಪಾಟು ಮಾಡಿತು. ಹಳೆಯ ಗಡಿಕಲ್ಲುಗಳೆಲ್ಲ ಮಣ್ಣಲ್ಲಿ ಹೂತುಹೋದವು. ಹೊಸ ಊರಿಗೆ ನೀಟಾದ ನಕ್ಷೆ ಬರೆದರು. ಹಳೆಯ ಸೈಟುಗಳ ಗಡಿಗೂ ಹೊಸ ನಕ್ಷೆಗೂ ತಾಳೆಯೇ ಆಗಲಿಲ್ಲ, ಮಾಲೀಕತ್ವದ ಜಗಳ ದಶಕಗಟ್ಟಲೆ ನಡೆಯಿತು. ರಾಜಧಾನಿಯಲ್ಲಿ ಈಗ ಸಾವಿರ ಜನವೂ ವಾಸವಿಲ್ಲ.

ಹಗಾಟ್ನ್ಯವನ್ನು ಯುದ್ಧ ತಿಂದಿತು ಅನ್ನೋಣ. ಸುಮಾಯ್ ಕಥೆ ಬೇರೆ. ಅಪ್ರಾ ಬಂದರಿನ ದಂಡೆಯಲ್ಲಿದ್ದ ಈ ಊರು ದ್ವೀಪದಲ್ಲಿ ಎರಡನೇ ದೊಡ್ಡದು. ಸಮುದ್ರದಾಳದ ಟೆಲಿಗ್ರಾಫ್ ಕೇಬಲ್ ಅಲ್ಲೇ ಬರುತ್ತಿತ್ತು, ಪ್ಯಾನ್ ಅಮೆರಿಕನ್ ಕಂಪನಿಯ ನೀರಿನ ಮೇಲೆ ಇಳಿಯುವ ವಿಮಾನಗಳು ಅಲ್ಲೇ ನಿಲ್ಲುತ್ತಿದ್ದವು. ಜಪಾನಿಯರು ಊರವರನ್ನು ಎಬ್ಬಿಸಿ ಸೇನೆಗೆ ಜಾಗ ಮಾಡಿಕೊಂಡಿದ್ದರು. ಅಮೆರಿಕನ್ನರು ಬಂದಮೇಲೆ ಮನೆಗೆ ಹೋಗಬಹುದು ಅಂತ ಜನ ಕಾದರು. ನೌಕಾಪಡೆ ಅದನ್ನು ತನ್ನ ನೆಲೆ ಮಾಡಿಕೊಂಡಿತು. ಊರವರನ್ನು ಒಳನಾಡಿನ ಗುಡ್ಡದ ಮೇಲೆ, ಸಾಂತಾ ರೀಟಾ ಎಂಬ ಹೊಸ ಊರಿಗೆ ಕಳಿಸಿತು. ಮೀನು ಹಿಡಿದು ಬದುಕಿದವರಿಗೆ ಗುಡ್ಡ! ಈಗ ಸುಮಾಯ್‌ನಲ್ಲಿ ಉಳಿದಿರುವುದು ಸ್ಮಶಾನ ಮತ್ತು ಚರ್ಚಿನ ಗುರುತು. ಹಳೆಯ ಕುಟುಂಬಗಳು ವರ್ಷಕ್ಕೊಮ್ಮೆ ನೌಕಾನೆಲೆಯ ಗೇಟು ದಾಟಿ ಒಳಗೆ ಹೋಗಿ ತಮ್ಮವರ ಸಮಾಧಿ ನೋಡಿ, ಪೂಜೆ ಮಾಡಿಸಿ ಬರುತ್ತವೆ.

1945ರಲ್ಲಿ ದ್ವೀಪದಲ್ಲಿದ್ದ ಅಮೆರಿಕನ್ ಸೈನಿಕರು 2 ಲಕ್ಷಕ್ಕೂ ಜಾಸ್ತಿ. ಜಪಾನಿನ ಮೇಲೆ ಬಾಂಬ್ ಹಾಕುವ ಬಿ-29 ವಿಮಾನಗಳು ಇಲ್ಲಿಂದ ಹಾರುತ್ತಿದ್ದವು. ಯುದ್ಧಕ್ಕೆ ಬೇಕು ಅಂದಾಗ ಜನ ನೆಲ ಬಿಟ್ಟುಕೊಟ್ಟರು, ಎಷ್ಟೋ ಮನೆಗಳಲ್ಲಿ ಕಾಗದಪತ್ರವನ್ನೂ ಕೇಳಲಿಲ್ಲ. ನಮ್ಮನ್ನು ಕಾಪಾಡಿದವರು, ಯುದ್ಧ ಮುಗಿದ ಮೇಲೆ ವಾಪಸ್ ಕೊಡುತ್ತಾರೆ ಅನ್ನುವ ನಂಬಿಕೆ. ಯುದ್ಧ ಮುಗಿಯಿತು, ಭೂಸ್ವಾಧೀನದ ನೋಟಿಸು ಬಂತು. ಬೆಲೆ ಕಟ್ಟಿದ್ದು ಯುದ್ಧಕ್ಕೆ ಮುಂಚಿನ ದರದಲ್ಲಿ. ನೋಟಿಸು ಇಂಗ್ಲಿಷಿನಲ್ಲಿ. ದ್ವೀಪವನ್ನು ಆಳುವವರೂ, ನೆಲ ಕೇಳುವವರೂ ಅದೇ ನೌಕಾಪಡೆಯವರು. ಇಂಥಲ್ಲಿ ಯಾರ ಹತ್ತಿರ ದೂರು ಕೊಡುತ್ತೀರಿ?

1949ರಲ್ಲಿ ಗುವಾಮ್‌ನ ಸ್ಥಳೀಯ ಸಭೆಯ ಚುನಾಯಿತ ಸದಸ್ಯರು ನೌಕಾ ಗವರ್ನರ್ ವಿರುದ್ಧ ಸಭೆಯಿಂದ ಎದ್ದು ನಡೆದರು. ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬಂತು, ವಾಷಿಂಗ್ಟನ್‌ಗೆ ಮುಜುಗರವಾಯಿತು. 1950ರ ಆಗಸ್ಟ್‌ನಲ್ಲಿ ಆರ್ಗ್ಯಾನಿಕ್ ಆ್ಯಕ್ಟ್ ಎಂಬ ಕಾನೂನು ಬಂದು, ಪೌರತ್ವವೂ ನಾಗರಿಕ ಸರ್ಕಾರವೂ ಸಿಕ್ಕವು. ಆದರೆ ಹೊಸ ಪ್ರಜೆಗಳ ಕೈಗೆ ನೆಲ ವಾಪಸ್ ಬರಲಿಲ್ಲ. ಇನ್ನೊಂದು ತಮಾಷೆ ಇದೆ. 1962ರವರೆಗೂ ಗುವಾಮ್‌ಗೆ ಬರಬೇಕಾದರೆ ನೌಕಾಪಡೆಯ ಅನುಮತಿ ಬೇಕಿತ್ತು, ದ್ವೀಪದಲ್ಲೇ ಹುಟ್ಟಿದವರಿಗೂ. ಅದನ್ನು ತೆಗೆದುಹಾಕಿದ್ದು ಅಧ್ಯಕ್ಷ ಕೆನೆಡಿ. ಆಮೇಲಷ್ಟೇ ಪ್ರವಾಸೋದ್ಯಮಕ್ಕೆ ದಾರಿ ತೆರೆಯಿತು, ಮತ್ತು ಆ ಪ್ರವಾಸಿಗಳಲ್ಲಿ ಹೆಚ್ಚಿನವರು ಜಪಾನಿನವರೇ. 1972ರ ಜನವರಿಯಲ್ಲಿ, ಹೀಗೆ ಜಪಾನಿ ನವದಂಪತಿಗಳು ಮಧುಚಂದ್ರಕ್ಕೆ ಬರುತ್ತಿದ್ದ ಕಾಲದಲ್ಲೇ, ತಾಲೊಫೊಫೊ ನದಿಯ ಹತ್ತಿರ ಶೊಇಚಿ ಯೊಕೊಯಿ ಎಂಬ ಜಪಾನಿ ಸೈನಿಕ ಸಿಕ್ಕಿಬಿದ್ದ. ನೆಲದಡಿ ಗವಿ ತೋಡಿಕೊಂಡು, ಮರದ ನಾರಿನಿಂದ ಬಟ್ಟೆ ನೇಯ್ದುಕೊಂಡು, 28 ವರ್ಷ ಅಡಗಿದ್ದ.

ನೆಲದ ಬೆಲೆಯ ಬಗ್ಗೆ ಮತ್ತೆ ಕೋರ್ಟಿಗೆ ಹೋಗಲು ದಾರಿ ಮಾಡಿಕೊಟ್ಟ ಕಾನೂನು ಬಂದದ್ದು 1977ರಲ್ಲಿ. 1980ರ ದಶಕದಲ್ಲಿ ಒಟ್ಟು 3.95 ಕೋಟಿ ಡಾಲರ್‌ಗೆ ರಾಜಿ ಆಯಿತು. 1994ರ ಇನ್ನೊಂದು ಕಾನೂನಿನಲ್ಲಿ ಸುಮಾರು 3,200 ಎಕರೆ ವಾಪಸ್ ಕೊಡುವ ಮಾತು ಬಂತು. ಉತ್ತರ ತುದಿಯ ಲಿಟೆಕ್ಯಾನ್ ಎಂಬಲ್ಲಿ ಮಾತ್ರ ಬೇರೆಯದೇ ಆಯಿತು. 1960ರ ದಶಕದಲ್ಲಿ ಸೇನೆ ಕುಟುಂಬಗಳಿಂದ ತೆಗೆದುಕೊಂಡ ನೆಲ ಅದು. ಸೇನೆಗೆ ಬೇಡವಾದ ಮೇಲೆ, 1993ರಲ್ಲಿ, ಅದನ್ನು ವನ್ಯಜೀವಿ ಧಾಮ ಮಾಡಿದರು. ಸೇನೆಯ ಬೇಲಿ ಹೋಗಿ ವನ್ಯಜೀವಿ ಇಲಾಖೆಯ ಬೇಲಿ ಬಂತು, ಅಷ್ಟೇ.

ಪರಿಹಾರ: ನಿಮ್ಮ ದುಡ್ಡು ನಿಮಗೇ

ನನಗೆ ಈ ಇಡೀ ಪ್ರಕರಣದಲ್ಲಿ ಹೆಚ್ಚು ಸಿಟ್ಟು ಬರಿಸುವ ಭಾಗ ಇದು.

1945ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಗುವಾಮ್ ಜನರ ನಷ್ಟಕ್ಕೆ ಪರಿಹಾರ ಕೊಡುವ ಕಾನೂನು ಮಾಡಿತು. ಅರ್ಜಿ ಹಾಕಲು ಒಂದೇ ವರ್ಷ ಗಡುವು. ಮನೆ ಇಲ್ಲ, ಕಾಗದ ಸುಟ್ಟುಹೋಗಿದೆ, ಎಷ್ಟೋ ಜನ ಇನ್ನೂ ಡೇರೆಗಳಲ್ಲಿದ್ದಾರೆ, ಗಡುವಿನ ಸುದ್ದಿಯೇ ಕೆಲವರಿಗೆ ಮುಟ್ಟಲಿಲ್ಲ. ಅಧ್ಯಯನಕ್ಕೆ ಬಂದ ಹಾಪ್‌ಕಿನ್ಸ್ ಸಮಿತಿಯೇ 1947ರಲ್ಲಿ, ಈ ವ್ಯವಸ್ಥೆ ಸರಿಯಿಲ್ಲ ಅಂತ ವರದಿ ಕೊಟ್ಟಿತು. ಒಟ್ಟು ಹಂಚಿದ್ದು ಸುಮಾರು 80 ಲಕ್ಷ ಡಾಲರ್. 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದ ಆಯಿತು. ಅದರಲ್ಲಿ ಅಮೆರಿಕ ತನ್ನ ಪ್ರಜೆಗಳ ಪರವಾಗಿ ಜಪಾನಿನ ಮೇಲಿನ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿತು. ಗುವಾಮ್‌ನವರು ಪ್ರಜೆಗಳಾಗಿ ಆಗಿನ್ನೂ ಒಂದು ವರ್ಷ ಆಗಿತ್ತು. ಜಪಾನನ್ನು ಕೇಳುವ ಬಾಗಿಲು ಮುಚ್ಚಿತು, ಇನ್ನು ಕೇಳಬೇಕಾದ್ದು ಅಮೆರಿಕವನ್ನೇ.

ಕೇಳಿದರು. ಕೇಳುತ್ತಲೇ ಇದ್ದರು. 2004ರಲ್ಲಿ ಒಂದು ಪರಿಶೀಲನಾ ಆಯೋಗ ವರದಿ ಕೊಟ್ಟು, ಗುವಾಮ್‌ನವರಿಗೆ ಬೇರೆ ಕಡೆಯ ಅಮೆರಿಕನ್ನರಷ್ಟು ನ್ಯಾಯ ಸಿಕ್ಕಿಲ್ಲ ಅಂತ ಒಪ್ಪಿಕೊಂಡಿತು. ಗುವಾಮ್‌ನ ಪ್ರತಿನಿಧಿ ಮ್ಯಾಡೆಲಿನ್ ಬೊರ್ಡಾಲೊ ಮಸೂದೆಯನ್ನು ಮತ್ತೆ ಮತ್ತೆ ತಂದರು. ಕೆಳಮನೆಯಲ್ಲಿ ಪಾಸಾಗುವುದು, ಸೆನೆಟ್‌ನಲ್ಲಿ ಸಿಕ್ಕಿಬೀಳುವುದು, ಇದೇ ನಡೆಯಿತು. ಪ್ರತಿ ಸುತ್ತಿನಲ್ಲೂ ಇನ್ನಷ್ಟು ಮುದುಕರು ತೀರಿಕೊಳ್ಳುತ್ತಿದ್ದರು. ಕೊನೆಗೆ 2016ರ ಡಿಸೆಂಬರ್‌ನಲ್ಲಿ, ಒಬಾಮಾ ಅಧಿಕಾರದ ಕೊನೆಯ ದಿನಗಳಲ್ಲಿ, ಕಾನೂನಾಯಿತು. ಸತ್ತವರ ಹತ್ತಿರದ ಬಂಧುಗಳಿಗೆ 25 ಸಾವಿರ ಡಾಲರ್. ಅತ್ಯಾಚಾರಕ್ಕೆ ಒಳಗಾದವರಿಗೆ, ತೀವ್ರ ಗಾಯವಾದವರಿಗೆ 15 ಸಾವಿರ. ಬಿಟ್ಟಿ ದುಡಿಮೆಗೆ 12 ಸಾವಿರ. ಬಲವಂತದ ನಡಿಗೆ, ಶಿಬಿರ, ಅಡಗಿ ಬದುಕಿದ್ದಕ್ಕೆ 10 ಸಾವಿರ. ಬದುಕುಳಿದವರು ಆ ಹೊತ್ತಿಗೆ ಜೀವಂತ ಇರಬೇಕು, ನರಳಿ ಬದುಕಿ ಆಮೇಲೆ ತೀರಿಕೊಂಡವರ ಮಕ್ಕಳಿಗೆ ಏನೂ ಇಲ್ಲ.

ದುಡ್ಡು ಎಲ್ಲಿಂದ? ಗುವಾಮ್‌ನಲ್ಲಿ ಕೆಲಸ ಮಾಡುವ ಕೇಂದ್ರ ಸರ್ಕಾರದ ನೌಕರರು ಮತ್ತು ಸೈನಿಕರು ಕಟ್ಟುವ ಆದಾಯ ತೆರಿಗೆ 1950ರ ಕಾನೂನಿನ 30ನೇ ಕಲಮಿನ ಪ್ರಕಾರ ಗುವಾಮ್ ಖಜಾನೆಗೇ ಬರಬೇಕು. ಅದರಲ್ಲಿ 2014ರ ಮಟ್ಟಕ್ಕಿಂತ ಜಾಸ್ತಿ ಬಂದ ಮೊತ್ತವನ್ನು ಹಿಡಿದಿಟ್ಟುಕೊಂಡು ಈ ಪರಿಹಾರಕ್ಕೆ ಬಳಸಬೇಕು ಅಂತ ಕಾನೂನು ಹೇಳಿತು. ಅಂದರೆ ದ್ವೀಪವನ್ನು ಕಾವಲಿಲ್ಲದೆ ಬಿಟ್ಟದ್ದು ವಾಷಿಂಗ್ಟನ್, ಹಿಂಸಿಸಿದ್ದು ಜಪಾನ್, ಜಪಾನನ್ನು ಮನ್ನಿಸಿದ್ದು ಮತ್ತೆ ವಾಷಿಂಗ್ಟನ್, ಬಿಲ್ಲು ಮಾತ್ರ ಗುವಾಮ್‌ಗೆ. ಅಲ್ವಾ? ಅದರ ಮೇಲೆ, ದುಡ್ಡು ಬಿಡುಗಡೆ ಮಾಡುವ ಬಗ್ಗೆ ಕಾನೂನಿನ ಬರವಣಿಗೆಯಲ್ಲೇ ತೊಡಕು ಬಂದು ಪಾವತಿ ನಿಂತಿತು. 2020ರಲ್ಲಿ ಸ್ಥಳೀಯ ಸರ್ಕಾರ ತನ್ನ ಕೈಯಿಂದಲೇ ಮುಂಗಡ ಕೊಡಲು ಶುರು ಮಾಡಿತು. ಅದೇ ವರ್ಷ ತಿದ್ದುಪಡಿ ಕಾನೂನು ಬಂದು ಕೇಂದ್ರ ಖಜಾನೆ ಪಾವತಿ ಮಾಡತೊಡಗಿತು. 1944ರಲ್ಲಿ ಮನೆಂಗನ್‌ಗೆ ಅಮ್ಮನ ಕೈ ಹಿಡಿದು ನಡೆದ ಮಗುವಿಗೂ ಆಗ 80ರ ಹತ್ತಿರ.

ಹಾವು, ಸುಬಾಬುಲ್, ಕಸದ ಗುಡ್ಡ

ಯುದ್ಧ ಕಾಡಿಗೂ ನುಗ್ಗಿತು. ಬಾಂಬಿಗೆ ಬೋಳಾದ ನೆಲದ ಮಣ್ಣು ಕೊಚ್ಚಿಹೋಗದಿರಲಿ ಅಂತ ಅಮೆರಿಕನ್ನರು ವಿಮಾನದಿಂದ ಒಂದು ಗಿಡದ ಬೀಜ ಎರಚಿದರು. ಅಲ್ಲಿನವರು ಅದಕ್ಕೆ ತಂಗನ್‌ತಂಗನ್ ಅನ್ನುತ್ತಾರೆ. ನಮ್ಮ ರೈತರಿಗೆ ಮೇವಿನ ಗಿಡವಾಗಿ ಚೆನ್ನಾಗಿ ಗೊತ್ತಿರುವ ಸುಬಾಬುಲ್ಲೇ ಅದು. ಬೇಲಿಯಲ್ಲಿ ಬಿಟ್ಟರೆ ಎಷ್ಟು ಬೇಗ ಹಬ್ಬುತ್ತದೆ ಅಂತ ಬೆಳೆಸಿದವರಿಗೆ ಹೇಳಬೇಕಾಗಿಲ್ಲ. ದ್ವೀಪದ ದೊಡ್ಡ ಭಾಗದಲ್ಲಿ ಹಳೆಯ ಕಾಡಿನ ಜಾಗದಲ್ಲಿ ಈಗ ಅದೇ ನಿಂತಿದೆ.

ಹಾವಿನ ಕಥೆ ಇನ್ನೂ ಕೆಟ್ಟದ್ದು. ಯುದ್ಧ ಮುಗಿದ ಮೇಲೆ ನ್ಯೂಗಿನಿ ಕಡೆಯ ಸೇನಾ ಸಾಮಾನು ಸಾಗಿಸುವಾಗ ಹಡಗಿನಲ್ಲಿ ಕಂದು ಮರಹಾವು ಬಂದು ಇಳಿಯಿತು. ನಮ್ಮ ಬೆಕ್ಕುಹಾವಿನ ಕುಲದ್ದೇ, ಬೊಯ್ಗಾ. ಮರ ಹತ್ತುವ ಇಂಥ ಹಾವನ್ನು ಗುವಾಮ್ ಹಕ್ಕಿಗಳು ಎಂದೂ ಕಂಡಿರಲಿಲ್ಲ, ತಪ್ಪಿಸಿಕೊಳ್ಳುವುದೂ ಗೊತ್ತಿರಲಿಲ್ಲ. ಹಕ್ಕಿಗಳು ಕಡಿಮೆಯಾದಾಗ ಜನ ಮೊದಲು ಕೀಟನಾಶಕದ ಮೇಲೆ, ಆಮೇಲೆ ರೋಗದ ಮೇಲೆ ಅನುಮಾನಪಟ್ಟರು. ಹಾವೇ ಕಾರಣ ಅಂತ 1980ರ ದಶಕದಲ್ಲಿ ಸಾಬೀತಾಗುವಷ್ಟರಲ್ಲಿ ಕಾಡು ಬರಿದಾಗಿತ್ತು. 12 ಜಾತಿಯ ಕಾಡುಹಕ್ಕಿಗಳಲ್ಲಿ 10 ಕಾಣೆಯಾದವು. ಬೀಜ ಹರಡುವವರು ಇಲ್ಲದೆ ಮರಗಳ ಸಂತತಿಯೂ ಸೊರಗುತ್ತಿದೆ. ತಿನ್ನುವವರಿಲ್ಲದ ಜೇಡಗಳು ಮಳೆಗಾಲದಲ್ಲಿ ಪಕ್ಕದ ದ್ವೀಪಗಳಿಗಿಂತ 40 ಪಟ್ಟು ಜಾಸ್ತಿ. ಹಾವು ವಿದ್ಯುತ್ ತಂತಿ ಹತ್ತಿದರೆ ಕರೆಂಟು ಹೋಗುತ್ತದೆ. ಇದಕ್ಕೆ ಮದ್ದು ಏನು ಗೊತ್ತಾ? ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್. 80 ಮಿಲಿಗ್ರಾಂ ಸಾಕು, ಹಾವು ಸಾಯುತ್ತದೆ. ಸತ್ತ ಇಲಿಮರಿಗೆ ಅದನ್ನು ಸೇರಿಸಿ ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಎಸೆಯುತ್ತಾರೆ.

ಕೋಕೊ ಎಂಬ ಹಾರಲಾಗದ ಹಕ್ಕಿಯನ್ನು, ನಮ್ಮ ಹುಂಡುಕೋಳಿಯ ಕುಟುಂಬದ್ದು, ಪಂಜರದಲ್ಲಿ ಮರಿ ಮಾಡಿಸಿ ಹತ್ತಿರದ ರೋಟಾ ಮತ್ತು ಕೋಕೋಸ್ ದ್ವೀಪಗಳಲ್ಲಿ ಬಿಟ್ಟಿದ್ದಾರೆ. ಸಿಹೆಕ್ ಎಂಬ ಮಿಂಚುಳ್ಳಿಯನ್ನು 2024ರಲ್ಲಿ ಸಾವಿರಾರು ಕಿಲೋಮೀಟರ್ ದೂರದ ಪಾಲ್ಮೈರಾ ಹವಳದ್ವೀಪದಲ್ಲಿ ಬಿಟ್ಟರು. ಹಾವು ಇರುವ ತನಕ ಗುವಾಮ್ ಕಾಡಿಗೆ ಅವು ಮರಳುವಂತಿಲ್ಲ.

ಆರ್ಡೊಟ್ ಕಸದ ಗುಂಡಿ ಮತ್ತೊಂದು. 1940ರ ದಶಕದಲ್ಲಿ ನೌಕಾಪಡೆ ಶುರು ಮಾಡಿ, ವಿಷಕಾರಿ ತ್ಯಾಜ್ಯ ತಂದು ಸುರಿದು, ಆಮೇಲೆ ಗುವಾಮ್ ಸರ್ಕಾರಕ್ಕೆ ವಹಿಸಿತು. ಅದು ಗುಡ್ಡವಾಗಿ ಬೆಳೆದು ನದಿಗೆ ಸೋರತೊಡಗಿತು. ಶುಚಿ ಮಾಡಲು 16 ಕೋಟಿ ಡಾಲರ್‌ಗೂ ಹೆಚ್ಚು ಬೇಕು ಅಂತ ಗುವಾಮ್ ವಾದಿಸಿತು. ನೌಕಾಪಡೆಯಿಂದ ಪಾಲು ಕೇಳಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು.

ಸೈಪಾನ್ ಜೊತೆಗಿನ ಬಿರುಕು

ಉತ್ತರಕ್ಕಿರುವ ಸೈಪಾನ್ ದ್ವೀಪದವರೂ ಚಮೊರೊಗಳೇ, ನೆಂಟರೇ. ಆದರೆ 1914ರಿಂದ ಜಪಾನಿನ ಕೈಯಲ್ಲಿದ್ದರು. ಗುವಾಮ್ ಹಿಡಿದಾಗ ಜಪಾನಿಯರು ಅವರನ್ನೇ ದುಭಾಷಿಗಳಾಗಿ, ಪೊಲೀಸರಾಗಿ ತಂದರು. ಒಂದೇ ಭಾಷೆಯವರ ಕೈಯಲ್ಲಿ ಏಟು ತಿಂದ ನೆನಪು ಬೇಗ ಹೋಗುವಂಥದ್ದಲ್ಲ. 1969ರಲ್ಲಿ ಎರಡೂ ಕಡೆ ಒಂದಾಗಬೇಕೇ ಅಂತ ಗುವಾಮ್‌ನಲ್ಲಿ ಮತ ಕೇಳಿದಾಗ ಬಹುಮತ ಬೇಡ ಅಂದಿತು.

ಈಗ

2006ರಲ್ಲಿ ಅಮೆರಿಕ ಮತ್ತು ಜಪಾನ್, ಜಪಾನಿನ ಒಕಿನಾವಾ ದ್ವೀಪದಲ್ಲಿರುವ ಸಾವಿರಾರು ಅಮೆರಿಕನ್ ಮರೀನ್ ಸೈನಿಕರನ್ನು ಗುವಾಮ್‌ಗೆ ಸಾಗಿಸಲು ಒಪ್ಪಿದವು. ಒಕಿನಾವಾದವರಿಗೂ ಅಮೆರಿಕದ ನೆಲೆಗಳ ಕಾಟ ಸಾಕಾಗಿತ್ತು, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿಂದ ಎತ್ತಿದ ಭಾರ ಇಳಿದದ್ದು ಇಲ್ಲಿ, ಇಲ್ಲಿನವರನ್ನು ಯಾರೂ ಕೇಳಲಿಲ್ಲ. ಕಟ್ಟಡಗಳಿಗೆ ಜಪಾನ್ ಸುಮಾರು 300 ಕೋಟಿ ಡಾಲರ್ ಕೊಡಲು ಒಪ್ಪಿದೆ. ಗುವಾಮ್‌ನಲ್ಲಿ ತಾನು ಹಿಂಸಿಸಿದವರಿಗೆ ಕೊಡದ ಜಪಾನ್, ಗುವಾಮ್‌ನಲ್ಲಿ ಅಮೆರಿಕನ್ ಬ್ಯಾರಕ್ಕಿಗೆ ಕೊಡುತ್ತಿದೆ. ಹೊಸ ನೆಲೆಗೆ ಬ್ಲಾಸ್ ಎಂಬ ಚಮೊರೊ ಜನರಲ್‌ನ ಹೆಸರಿಟ್ಟಿದ್ದಾರೆ. ಆತ ಹುಡುಗನಾಗಿದ್ದಾಗ ಜಪಾನಿಯರಿಗೆ ಬಿಟ್ಟಿ ದುಡಿದವರು. ಮೊದಲ ಸುಮಾರು ನೂರು ಮರೀನ್‌ಗಳು 2024ರ ಡಿಸೆಂಬರ್‌ನಲ್ಲಿ ಬಂದರು. ಗುಂಡು ಹಾರಿಸುವ ಅಭ್ಯಾಸದ ಮೈದಾನ ಇರುವುದು ಲಿಟೆಕ್ಯಾನ್ ಮೇಲ್ಗಡೆ, ದ್ವೀಪದ ಬಹುಪಾಲು ಕುಡಿಯುವ ನೀರು ಕೊಡುವ ಅಂತರ್ಜಲದ ನೆತ್ತಿಯ ಮೇಲೆ.

ಹಾಗಂತ ಎಲ್ಲ ಚಮೊರೊಗಳೂ ಸೇನೆಯ ವಿರೋಧಿಗಳು ಅಂದುಕೊಳ್ಳಬೇಡಿ. ತಲಾವಾರು ಲೆಕ್ಕದಲ್ಲಿ ಸೇನೆಗೆ ಇಷ್ಟು ಜನ ಸೇರುವ ಜಾಗ ಅಮೆರಿಕದಲ್ಲಿ ಅಪರೂಪ. ಒಂದೇ ಮನೆಯಲ್ಲಿ ಅಣ್ಣ ಸಮವಸ್ತ್ರದಲ್ಲಿ, ತಂಗಿ ಫಲಕ ಹಿಡಿದು ಗೇಟಿನ ಹೊರಗೆ ಇರಬಹುದು. ಕೆಲಸ, ಸಂಬಳ, ಪಿಂಚಣಿ ಎಲ್ಲ ಅಲ್ಲೇ ಇದೆ. ಉತ್ತರ ಕೊರಿಯಾ 2017ರಲ್ಲಿ ಕ್ಷಿಪಣಿ ಬಿಡುತ್ತೇನೆ ಅಂದದ್ದೂ ಇದೇ ನೆಲೆಗಳ ಕಾರಣಕ್ಕೆ.

ಮುಂದೆ ಏನಾಗಬೇಕು ಅಂತ ಜನರೇ ತೀರ್ಮಾನಿಸಲಿ, ಅಮೆರಿಕದ ಪೂರ್ಣ ರಾಜ್ಯವೋ, ಸ್ವಾತಂತ್ರ್ಯವೋ, ಮುಕ್ತ ಸಹಯೋಗವೋ (ಬೇರೆ ದೇಶವಾಗಿದ್ದೂ ಅಮೆರಿಕದ ಜೊತೆ ಒಪ್ಪಂದದ ನಂಟು) ಅಂತ ಒಂದು ಜನಮತದ ಯೋಜನೆ ಇತ್ತು. 1950ರ ಕಾನೂನಿನಲ್ಲಿ ಪ್ರಜೆಗಳಾದವರು ಮತ್ತು ಅವರ ಸಂತತಿಗೆ ಮಾತ್ರ ಮತ. ದ್ವೀಪದಲ್ಲಿ ನೆಲೆಸಿದ್ದ ಅಮೆರಿಕದ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು, ಇದು ಜನಾಂಗದ ಆಧಾರದ ಭೇದ ಅಂತ ಕೋರ್ಟಿಗೆ ಹೋದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು, ಮರುವರ್ಷ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ಎಲ್ಲರಿಗೂ ಮತ ಕೊಟ್ಟರೆ ಚಮೊರೊ ಜನ ತಮ್ಮದೇ ದ್ವೀಪದಲ್ಲಿ ಅಲ್ಪಸಂಖ್ಯಾತರು, ಅವರಿಗಷ್ಟೇ ಕೊಟ್ಟರೆ ಸಂವಿಧಾನ ಒಪ್ಪುವುದಿಲ್ಲ. ಜನಮತ ಇನ್ನೂ ನಡೆದಿಲ್ಲ. ವಿಶ್ವಸಂಸ್ಥೆಯ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿ ಗುವಾಮ್ 1946ರಿಂದ ಇದೆ. ಈ ನಡುವೆ ಕ್ಷಿಪಣಿ ತಡೆಯುವ ಹೊಸ ವ್ಯವಸ್ಥೆಗೆ ದ್ವೀಪದ 16 ಕಡೆ ಜಾಗ ಗುರುತಿಸಿದ್ದಾರೆ.